ಏಳು ಅಕ್ಷರಕ್ಕೆ ಒಂದು ಚಳಿಗಾಲ

ಮೊದಲನೇ ರಿಹರ್ಸಲ್‌ನಲ್ಲೇ ನನ್ನ ಮರ್ಯಾದೆ ಹೋಯಿತು.

ಆಡಿಸುತ್ತಿದ್ದದ್ದು ಒಂದು ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ಕ್ಷಯ ಬಂದು ಹಾಸಿಗೆ ಹಿಡಿದ ಹೆಣ್ಣು. ಪ್ರೀತಿಸಿದವನು ಬರುತ್ತಾನೆ ಅಂತ ಕಾಗದ ಬಂದಿದೆ. ಅವಳು ಕಾಯುತ್ತಿದ್ದಾಳೆ. 'ಯಾವಾಗ, ಯಾವಾಗ ಬರುತ್ತಾನೆ' ಅಂತ ನಾನು ಗ್ರೀಕಿನಲ್ಲಿ ಬರೆದುಕೊಟ್ಟಿದ್ದೆ. ಮೂರು ದಿನ ಕೂತು ಬರೆದ ಸಾಲು. ಸೊಪ್ರಾನೊ, ಅಂದರೆ ಎತ್ತರದ ದನಿಯ ಹಾಡುಗಾರ್ತಿ, ಬಾಯಿ ತೆರೆದಳೋ ಇಲ್ಲವೋ, ಹಿಂದೆ ನಿಂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಒಬ್ಬ ಅಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು, "ಎಂದೂ ಬರಲ್ವಂತೆ ಪಾಪ! ಮತ್ಯಾಕೆ ಕಾಯ್ತಾಳೆ?" ಅಂದರು. ಇನ್ನೊಂದು ಸುತ್ತು ನಗು.

ಗ್ರೀಕಿನಲ್ಲಿ 'ಪೋತೆ' ಅಂದರೆ ಯಾವಾಗ. 'ಪೊತೇ' ಅಂದರೆ ಎಂದಿಗೂ ಇಲ್ಲ. ಅಕ್ಷರ ಅವೇ. ಒತ್ತು, ಅಂದರೆ ದನಿಯ ಭಾರ, ಮೊದಲನೆಯದರ ಮೇಲೆ ಬಿದ್ದರೆ ಒಂದು ಅರ್ಥ, ಎರಡನೆಯದರ ಮೇಲೆ ಬಿದ್ದರೆ ಇನ್ನೊಂದು. ನಾನು ಬರೆದದ್ದು ಪೋತೆ. ಒಪೆರಾಕ್ಕೆ ಸಂಗೀತ ಕಟ್ಟಿದ ಇಟಲಿಯ ವೆರ್ದಿಯ ಧಾಟಿ ಅದನ್ನು ಪೊತೇ ಮಾಡಿತು.

ನಾನು ಸಾಗರದ ಕಡೆಯವಳು. ಓದಲು ಇಟಲಿಗೆ ಬಂದೆ, ಬಾರಿ ಎಂಬ ಊರಿಗೆ. ಅಲ್ಲೇ ಒಂದು ಎಣ್ಣೆ ಪರೀಕ್ಷೆಯ ಲ್ಯಾಬಿನಲ್ಲಿ ಆರು ವರ್ಷ ಕೆಲಸ ಮಾಡಿದೆ. ಇಟಾಲಿಯನ್ ಅಲ್ಲಿ ಬಂತು. ಸಮುದ್ರದ ಆಚೆ ದಡದ ಹುಡುಗನನ್ನು ಮದುವೆಯಾಗಿ ಗ್ರೀಸಿನ ಕೋರ್ಫು ದ್ವೀಪಕ್ಕೆ ಬಂದೆ, ಗ್ರೀಕ್ ಇಲ್ಲಿ ಬಂತು. ಹನ್ನೊಂದು ವರ್ಷವಾಯಿತು. ಮೀನಿನ ಅಂಗಡಿಯಲ್ಲಿ ಜಗಳ ಆಡುವಷ್ಟು ಗ್ರೀಕ್ ಬರುತ್ತದೆ. ಆದರೆ ಒತ್ತು ಮಾತ್ರ ಕಿವಿಗೆ ಹತ್ತಿರಲಿಲ್ಲ. ಕನ್ನಡದ ಕಿವಿಗೆ ಬೇಕಾದ್ದು ಹ್ರಸ್ವ, ದೀರ್ಘ. ಕರು ಬೇರೆ, ಕಾರು ಬೇರೆ, ಅದು ನಿದ್ದೆಯಲ್ಲೂ ತಪ್ಪುವುದಿಲ್ಲ. ಗ್ರೀಕರು 'ಯೇರೊಸ್' ಅಂದರೆ ಮುದುಕ, 'ಯೆರೋಸ್' ಅಂದರೆ ಗಟ್ಟಿಮುಟ್ಟಾದವನು. ಮದುವೆಯ ಹೊಸತರಲ್ಲಿ ನನ್ನ ಮಾವನವರನ್ನು ಗಟ್ಟಿಮುಟ್ಟಾಗಿದ್ದೀರಿ ಅಂತ ಹೊಗಳಲು ಹೋಗಿ ಏನಂದಿರಬಹುದು, ನೀವೇ ಊಹಿಸಿ.

ಇಂಥವಳ ಕೈಗೆ ಒಂದು ಒಪೆರಾ ಅನುವಾದ ಯಾಕೆ ಬಂತು? ಬೇರೆ ಯಾರೂ ಒಪ್ಪಲಿಲ್ಲ, ಅಷ್ಟೇ.

ನಮ್ಮ ಬೀದಿಯಲ್ಲಿ ಹದಿನೈದು ಜನರ ಒಂದು ಹಾಡಿನ ಗುಂಪಿದೆ. ನಡೆಸುವವರು ರಿಟೈರ್ ಆದ ಸಂಗೀತದ ಮೇಷ್ಟ್ರು. ಎಲ್ಲರೂ ಅವರನ್ನು 'ದಾಸ್ಕಲೆ' ಅಂತ ಕರೆಯುತ್ತಾರೆ, ನಾವು 'ಮೇಷ್ಟ್ರೇ' ಅನ್ನುವ ಹಾಗೆ. ಅವರಿಗೆ ಒಂದು ಆಸೆ. ವೆರ್ದಿಯ ಈ ಒಪೆರಾ, ಲಾ ತ್ರವ್ಯಾತವನ್ನು ಐವತ್ತು ನಿಮಿಷಕ್ಕೆ ಇಳಿಸಿ, ಒಂದು ಪಿಯಾನೋ ಇಟ್ಟುಕೊಂಡು, ಗ್ರೀಕಿನಲ್ಲಿ ಆಡಿಸಬೇಕು. ಏಳು ಹಾಡು, ಒಂದು ಕಾಗದ. ಇಟಾಲಿಯನ್ ಯಾಕೆ ಬೇಡ ಅಂದರೆ, "ಈ ಊರು ಇನ್ನೂರು ವರ್ಷ ಅರ್ಥವಾಗದೆ ಅತ್ತಿದೆ. ಒಂದು ಸಲ ಅರ್ಥವಾಗಿ ಅಳಲಿ" ಅನ್ನುತ್ತಿದ್ದರು. ಅದು ಸ್ವಲ್ಪ ಜಾಸ್ತಿಯಾಯಿತು, ಇಲ್ಲಿನ ಎಷ್ಟೋ ಮುದುಕರಿಗೆ ಒಪೆರಾದ ಇಟಾಲಿಯನ್ ಬಾಯಿಪಾಠ. ಆದರೂ ಮಾತಿನಲ್ಲಿ ಸತ್ಯವಿದೆ. ಕೋರ್ಫು 1797ರವರೆಗೆ ವೆನಿಸ್ಸಿನ ಕೈಯಲ್ಲಿತ್ತು. ಸಾನ್ ಜಾಕೊಮೊ ಥಿಯೇಟರಿನಲ್ಲಿ 1733ರಿಂದಲೇ ಒಪೆರಾ ನಡೆಯುತ್ತಿತ್ತು. ಆ ಕಟ್ಟಡದಲ್ಲಿ ಈಗ ಪುರಸಭೆ ಇದೆ. ಹಾಡುಗಾರರು ಇಲ್ಲಿ ಚಪ್ಪಾಳೆ ಗಿಟ್ಟಿಸಿದರೆ ಇಟಲಿಯಲ್ಲಿ ಅದನ್ನೇ ಹೇಳಿಕೊಂಡು ಓಡಾಡುತ್ತಿದ್ದರಂತೆ, ಇಲ್ಲಿನವರು ಇವತ್ತಿಗೂ ಹಾಗೆ ಜಂಬ ಕೊಚ್ಚುತ್ತಾರೆ. ಗ್ರೀಕ್ ಭಾಷೆಯಲ್ಲೇ ಬರೆದ ಮೊದಲ ಒಪೆರಾ ಕೂಡ ಇಲ್ಲಿಯದೇ. 1867ರಲ್ಲಿ ಇದೇ ಊರಿನ ಸ್ಪಿರಿದೋನ್ ಕ್ಸಿಂದಾಸ್ ಮಾಡಿದ್ದು, ಚುನಾವಣೆಗೆ ನಿಂತವನ ಮೇಲೆ.

ಹೊರಗಿನ ಒಪೆರಾಗಳನ್ನು ಗ್ರೀಕಿನಲ್ಲಿ ಹಾಡುವುದೂ ಹೊಸದಲ್ಲ. 1942ರಲ್ಲಿ ಏಥೆನ್ಸಿನಲ್ಲಿ ಹೆಸರಾಂತ ಹಾಡುಗಾರ್ತಿ ಮಾರಿಯಾ ಕಲ್ಲಾಸ್ 'ತೋಸ್ಕಾ' ಅನ್ನುವ ಇಟಾಲಿಯನ್ ಒಪೆರಾದ ನಾಯಕಿಯ ಪಾತ್ರ ಹಾಡಿದ್ದು ಗ್ರೀಕಿನಲ್ಲೇ. ಈಗ ರೂಢಿ ಬದಲಾಗಿದೆ. ಮೂಲ ಭಾಷೆಯಲ್ಲಿ ಹಾಡುತ್ತಾರೆ, ವೇದಿಕೆಯ ಮೇಲೆ ಪರದೆಯಲ್ಲಿ ಅರ್ಥ ಓಡುತ್ತಿರುತ್ತದೆ. ನಮ್ಮ ಬಳಿ ಪರದೆ ಇರಲಿಲ್ಲ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ: ಪ್ಯಾರಿಸ್ಸಿನ ವಿಯೊಲೆತ್ತ ಶ್ರೀಮಂತರ ಖರ್ಚಿನಲ್ಲಿ ಬದುಕುವವಳು. ಅಲ್ಫ್ರೇದೊ ಅನ್ನುವ ಹುಡುಗನ ಮೇಲೆ ಮನಸ್ಸಾಗುತ್ತದೆ, ಎಲ್ಲ ಬಿಟ್ಟು ಅವನ ಜೊತೆ ಹಳ್ಳಿಯಲ್ಲಿ ಇರುತ್ತಾಳೆ. ಒಂದು ದಿನ ಅವನ ಅಪ್ಪ ಬರುತ್ತಾನೆ. ನಿನ್ನಿಂದಾಗಿ ನನ್ನ ಮಗಳ ಮದುವೆ ನಿಂತುಹೋಗುತ್ತಿದೆ, ನನ್ನ ಮಗನನ್ನು ಬಿಡು ಅನ್ನುತ್ತಾನೆ. ಬಿಡುತ್ತಾಳೆ. ಕಾರಣ ಹೇಳುವುದಿಲ್ಲ. ಅವನಿಗೆ ನಿಜ ಗೊತ್ತಾಗಿ ಓಡಿ ಬರುವ ಹೊತ್ತಿಗೆ ಇವಳ ಉಸಿರು ಮುಗಿಯುತ್ತಾ ಬಂದಿರುತ್ತದೆ. ಸಂಗೀತ ವೆರ್ದಿಯದು. ಮಾತು ಫ್ರಾಂಚೆಸ್ಕೊ ಮರಿಯಾ ಪ್ಯಾವೆಯದು. ಈ ಮಾತಿನ ಪುಸ್ತಕಕ್ಕೆ ಲಿಬ್ರೆತ್ತೊ ಅನ್ನುತ್ತಾರೆ, ಪುಟ್ಟ ಪುಸ್ತಕ ಅಂತ ಅರ್ಥ. ಓದಲು ಒಂದು ಗಂಟೆಯೂ ಬೇಡ.

ನಾನು ಸುಲಭ ಅಂದುಕೊಂಡೆ. ನಮ್ಮಮ್ಮನ ಭಜನಾ ಮಂಡಳಿಯವರು ಸಿನಿಮಾ ಧಾಟಿಗೆ ದೇವರನಾಮ ಕೂರಿಸುವುದನ್ನು ನೋಡಿ ಬೆಳೆದವಳು ನಾನು. ಒಂದು ಅಕ್ಷರ ಕಡಿಮೆಯಾಯಿತಾ, ಎಳೆದರಾಯಿತು. ಜಾಸ್ತಿಯಾಯಿತಾ, ನುಂಗಿದರಾಯಿತು. ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ. ಇದೂ ಹಾಗೇ ಅಂದುಕೊಂಡು ಹತ್ತು ದಿನದಲ್ಲಿ ಮೂರು ಹಾಡು ಬರೆದು ಕೊಟ್ಟೆ. ಆಮೇಲೆ ಆ ಪೋತೆ, ಪೊತೇ.

ರಿಹರ್ಸಲ್ ಮುಗಿದ ಮೇಲೆ ದಾಸ್ಕಲೆ ಪಕ್ಕದಲ್ಲಿ ಕೂರಿಸಿಕೊಂಡು ಸಮಾಧಾನ ಮಾಡಿದರು. "1853ರ ಮಾರ್ಚ್ 6ಕ್ಕೆ ವೆನಿಸ್ಸಿನ ಲಾ ಫೆನೀಚೆ ಥಿಯೇಟರಿನಲ್ಲಿ ಇದರ ಮೊದಲ ಪ್ರದರ್ಶನ. ಅವತ್ತೂ ಜನ ಕೊನೆಯ ಅಂಕದಲ್ಲೇ ನಕ್ಕಿದ್ದು. ಕ್ಷಯದಿಂದ ಸಾಯಬೇಕಾದ ಸೊಪ್ರಾನೊ ದಪ್ಪಗಿದ್ದಳು. ವೆರ್ದಿ ಸುಮ್ನಾದನಾ? ತಿದ್ದಿದ. ಮಾರನೇ ವರ್ಷ ಅದೇ ಊರಲ್ಲಿ ಗೆದ್ದಿತು. ನೀನೂ ತಿದ್ದು." ಆಮೇಲೆ ಪೆನ್ಸಿಲ್ ತೆಗೆದುಕೊಂಡು ಸ್ವರಗಳ ಹಾಳೆಯ ಮೇಲೆ ಬಲವಾದ ತಾಳ ಬೀಳುವ ಕಡೆಗಳಿಗೆಲ್ಲ ಗೀಟು ಹಾಕಿಕೊಟ್ಟರು. ಗೀಟಿನ ಕೆಳಗೆ ಒತ್ತಿರುವ ಅಕ್ಷರವೇ ಬರಬೇಕು. ಒಂದು ಸ್ವರಕ್ಕೆ ಒಂದು ಅಕ್ಷರ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಎತ್ತರದ ಸ್ವರಕ್ಕೆ ಆದಷ್ಟು 'ಆ' ಕೊಡಬೇಕು. ಅರ್ಥ? "ಅದೂ ಇದ್ದರೆ ಒಳ್ಳೆಯದೇ" ಅಂದು ನಕ್ಕರು.

ಮನೆಗೆ ಬಂದು ಒಂದು ಉಪಾಯ ಮಾಡಿದೆ. ಇಟಾಲಿಯನ್ ಸಾಲನ್ನೂ ಗ್ರೀಕ್ ಸಾಲನ್ನೂ ಕನ್ನಡ ಲಿಪಿಯಲ್ಲಿ ಬರೆಯತೊಡಗಿದೆ. ಒತ್ತು ಬೀಳುವ ಕಡೆ ದೀರ್ಘ, ಉಳಿದ ಕಡೆ ಹ್ರಸ್ವ. ಕಣ್ಣಿಗೆ ತಕ್ಷಣ ಕಂಡಿತು! ಇಷ್ಟು ವರ್ಷ ಕಿವಿಗೆ ಸಿಗದೇ ಇದ್ದದ್ದು ಕೊಂಬು, ದೀರ್ಘಗಳಲ್ಲಿ ಕೈಗೆ ಸಿಕ್ಕಿತು. ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆ ಇರುವ ಲಿಪಿ ನಮ್ಮದು ಅನ್ನುವುದು ಎಂಥ ಸೌಕರ್ಯ ಅಂತ ಅವತ್ತು ಗೊತ್ತಾಯಿತು. ಕಾಯುವ ಸಾಲಿನಲ್ಲಿ ಇಟಾಲಿಯನ್ನು 'ಅತ್ತೇಂದೊ, ಅತ್ತೇಂದೊ', ಕಾಯುತ್ತೇನೆ ಕಾಯುತ್ತೇನೆ. ಮೂರು ಅಕ್ಷರ, ನಡುವೆ ದೀರ್ಘ. ನಾನು ಅದರ ಮೇಲೆ 'ಪೋತೆ ಥ' ತಂದು ಕೂರಿಸಿದ್ದೆ, ದೀರ್ಘ ಮೊದಲಿಗೇ ಇದೆ. ಬಟ್ಟೆಯ ಗುಂಡಿ ಒಂದು ಕಾಜ ತಪ್ಪಿದ ಹಾಗೆ. ಅಡುಗೆಮನೆಯಿಂದ ಅತ್ತೆ, "ಪ್ರೊಸ್ಮೇನೊ ಅನ್ನು" ಅಂದರು. ಎದುರು ನೋಡುತ್ತೇನೆ ಅಂತ ಅರ್ಥ, ಜನಪದ ಹಾಡುಗಳಲ್ಲಿ ಬರುವ ಮಾತು. ಪ್ರೊ-ಸ್ಮೇ-ನೊ. ಮೂರು ಅಕ್ಷರ, ನಡುವೆ ದೀರ್ಘ.

ಅವತ್ತಿಂದ ಅತ್ತೆ ಈ ಕೆಲಸದಲ್ಲಿ ಪಾಲುದಾರರು. ಎಪ್ಪತ್ತೆಂಟು ವಯಸ್ಸು. ಸಂಗೀತ ಓದಲು ಬರುವುದಿಲ್ಲ, ಆದರೆ ತ್ರವ್ಯಾತದ ಅರ್ಧ ಧಾಟಿ ಬಾಯಲ್ಲಿದೆ. ಊಟದ ಮೇಜಿನ ಮೇಲೆ ಮರದ ಚಮಚದಲ್ಲಿ ತಾಳ ಬಡಿಯುತ್ತಾ ನನ್ನ ಸಾಲು ಹಾಡಿ ನೋಡುವರು. ಒತ್ತು ತಪ್ಪಿದರೆ ಚಮಚ ಇನ್ನೂ ಜೋರಾಗುತ್ತದೆ. ಸರಿ ಬಂದರೆ ಸುಮ್ಮನೆ ಕೆಳಗಿಡುತ್ತಾರೆ. ಬಾಯಿಬಿಟ್ಟು ಚೆನ್ನಾಗಿದೆ ಅಂದವರಲ್ಲ. ಅವರು ಶಾಲೆಗೆ ಹೋದ ಕಾಲಕ್ಕೆ ಗ್ರೀಕ್ ಬರವಣಿಗೆಯಲ್ಲಿ ಅಕ್ಷರದ ತಲೆ ಮೇಲೆ ನಾನಾ ಗುರುತುಗಳಿದ್ದವು. 1982ರಲ್ಲಿ ಸರ್ಕಾರ ಅವನ್ನೆಲ್ಲ ತೆಗೆದು ಒತ್ತಿಗೆ ಒಂದೇ ಒಂದು ಗೀಟು ಉಳಿಸಿತು. ಅತ್ತೆ ಅದನ್ನು ಇನ್ನೂ ಒಪ್ಪಿಲ್ಲ. ಅವರು ತಿದ್ದಿಕೊಟ್ಟ ಹಾಳೆ ನೋಡಿದರೆ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಇರುತ್ತದೆ.

ಕೆಲವು ಸಾಲು ಬಿಟ್ಟಿಯಾಗಿ ಸಿಕ್ಕವು. ಮೊದಲ ಅಂಕದ ಕುಡಿತದ ಹಾಡು 'ಲಿಬ್ಯಾಮೊ' ಅಂತ ಶುರುವಾಗುತ್ತದೆ, ಕುಡಿಯೋಣ ಅಂತ. ಗ್ರೀಕಿನಲ್ಲಿ ಕುಡಿಯೋಣ ಅಂದರೆ 'ಅಸ್ ಪ್ಯೂಮೆ'. ತೂಕ ಹಾಕಿಟ್ಟ ಹಾಗಿದೆ. 'ಸೇಂಪ್ರೆ ಲೀಬೆರ', ಸದಾ ಸ್ವತಂತ್ರಳು, ಅದಕ್ಕೆ 'ಪಾಂದ ಲೇಫ್ತೆರಿ'. ಕೊನೆಯ ಅಂಕದಲ್ಲಿ ಅವಳು ಹಳೆಯ ಕನಸುಗಳಿಗೆ 'ಅದ್ದೀಯೊ' ಹೇಳುತ್ತಾಳೆ. ಗ್ರೀಕರು ದಿನಾ ಬೀಳ್ಕೊಡುವಾಗ ಹೇಳುವುದೂ 'ಅದೀಯೊ' ಅಂತಲೇ, ಇಟಲಿಯಿಂದ ಬಂದು ಮನೆಮಾತಾದ ಪದ. "ನೆರೆಮನೆಯಿಂದ ತಂದ ಪಾತ್ರೆ, ವಾಪಸ್ ಕೊಟ್ಟಿಲ್ಲ" ಅಂದರು ಅತ್ತೆ.

ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಎರಡನೇ ಅಂಕದ ಒಂದು ಸಾಲು. ಅಪ್ಪನ ಮಾತಿಗೆ ಸೋತು ವಿಯೊಲೆತ್ತ ಹೇಳುತ್ತಾಳೆ: 'ದೀತೆ ಅಲ್ಲ ಜೋವಿನೆ', ಆ ಹುಡುಗಿಗೆ ಹೇಳಿ, ಅವಳಿಗಾಗಿ ಒಬ್ಬಳು ಎಲ್ಲ ಬಿಟ್ಟಳು ಅಂತ. 'ದೀತೆ'ಯ ಕೊನೆ, 'ಅಲ್ಲ'ದ ಮೊದಲು ಎರಡೂ ಸೇರಿ ಒಂದೇ ಅಕ್ಷರವಾಗುತ್ತವೆ, ನಮ್ಮ ಸಂಧಿಯ ಹಾಗೆ. ಹಾಗೆ ಎಣಿಸಿದರೆ ಆರು. ಮೊದಲನೆಯದೂ ನಾಲ್ಕನೆಯದೂ ದೀರ್ಘ. ಗ್ರೀಕಿನಲ್ಲಿ 'ಪೀತೆ ಸ್ತಿನ್ ಕೋರಿ ಸಸ್', ನಿಮ್ಮ ಮಗಳಿಗೆ ಹೇಳಿ. ಆರು. ಒಂದು, ನಾಲ್ಕು. 'ದೀತೆ'ಯೂ 'ಪೀತೆ'ಯೂ 'ಹೇಳು' ಅಲ್ಲ, 'ಹೇಳಿ'. ತನ್ನ ಬದುಕು ಕಿತ್ತುಕೊಳ್ಳಲು ಬಂದವನಿಗೂ ಅವಳು ಬಹುವಚನವನ್ನೇ ಕೊಡುತ್ತಾಳೆ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ನನಗೇ ನೋಡಿ, ಗ್ರೀಕಿನಲ್ಲಿ ಅತ್ತೆಗೆ ಏಕವಚನ ಅಂತ ಮನೆಯವರೆಲ್ಲ ಹೇಳಿದರೂ ವರ್ಷಗಟ್ಟಲೆ ನಾಲಿಗೆ ಏಳಲಿಲ್ಲ.

ಇನ್ನು ನನ್ನನ್ನು ಅಳಿಸಿದ ಸಾಲು. ಮೊದಲ ಅಂಕದಲ್ಲಿ ಅಲ್ಫ್ರೇದೊ ಪ್ರೀತಿ ಅಂದರೆ ಏನು ಅಂತ ಹಾಡುತ್ತಾನೆ: 'ಕ್ರೋಚೆ ಎ ದೆಲೀತ್ಸ್ಯ ಅಲ್ ಕೋರ್'. ಎದೆಗೆ ಶಿಲುಬೆಯೂ ಹೌದು, ಸುಖವೂ ಹೌದು. ಈ ಧಾಟಿ ಇಡೀ ಒಪೆರಾದಲ್ಲಿ ಮತ್ತೆ ಮತ್ತೆ ಬರುತ್ತದೆ, ಅವಳು ಸಾಯುವಾಗಲೂ. ಇಲ್ಲಿ ತಪ್ಪಿದರೆ ಎಲ್ಲ ಕಡೆ ತಪ್ಪಿದ ಹಾಗೆ. ಗ್ರೀಕಿನಲ್ಲಿ ಶಿಲುಬೆಗೆ 'ಸ್ತವ್ರೋಸ್'. ಕಷ್ಟ ಹೊರುವುದಕ್ಕೆ ಇಲ್ಲಿಯೂ ನನ್ನ ಶಿಲುಬೆ ಹೊರುತ್ತಿದ್ದೇನೆ ಅನ್ನುತ್ತಾರೆ, ಅರ್ಥ ಪೂರ್ತಿ ಸರಿ. ಆದರೆ 'ಕ್ರೋಚೆ'ಯಲ್ಲಿ ದೀರ್ಘ ಮೊದಲು, 'ಸ್ತವ್ರೋಸ್'ನಲ್ಲಿ ಕೊನೆಗೆ. ಹಾಡಿದರೆ ಸ್ತಾವ್ರೊಸ್ ಆಗುತ್ತದೆ, ಅದು ಗಂಡಸರಿಗೆ ಇಡುವ ಹೆಸರು. "ಶಿಲುಬೆಯನ್ನು ತಲೆಕೆಳಗೆ ನೆಟ್ಟಿದ್ದೀಯ" ಅಂದರು ದಾಸ್ಕಲೆ.

ಎರಡು ವಾರ ಅದರ ಹಿಂದೆ ಬಿದ್ದೆ. ಬಸ್ಸಿನಲ್ಲಿ, ಲ್ಯಾಬಿನಲ್ಲಿ, ಬಟ್ಟೆ ಒಣಹಾಕುವಾಗ ಕ್ರೋಚೆ ಕ್ರೋಚೆ ಅಂತ ಗುನುಗಿದ್ದೇ ಗುನುಗಿದ್ದು. ಕೊನೆಗೆ 'ಪೋನೊಸ್ ಕೆ ಗ್ಲೀಕ' ಸಿಕ್ಕಿತು, ನೋವು ಮತ್ತು ಸಿಹಿ. ಐದು ಅಕ್ಷರ, ಒಂದು ಮತ್ತು ನಾಲ್ಕು ದೀರ್ಘ, ಕೂದಲೆಳೆ ವ್ಯತ್ಯಾಸವಿಲ್ಲ. ಆದರೆ ಶಿಲುಬೆ ಹೋಯಿತು! ನನಗೆ ಅಪರಾಧ ಮಾಡಿದ ಹಾಗೆ ಅನಿಸಿತು. ಅತ್ತೆ ಕೇಳಿದರು, "ನಿಮ್ಮ ಭಾಷೆಗೆ ನಮ್ಮದೇನಾದರೂ ಹೋಗಿದೆಯಾ?" ಬಿ.ಎಂ.ಶ್ರೀ ಅವರು ಸೋಫೋಕ್ಲಿಸನ ಏಜಾಕ್ಸ್ ನಾಟಕವನ್ನು ಕನ್ನಡಕ್ಕೆ ತಂದದ್ದನ್ನು ಹೇಳಿದೆ. ಅದರಲ್ಲಿ ಏಜಾಕ್ಸನೇ ಇಲ್ಲ, ಅವನ ಜಾಗದಲ್ಲಿ ಮಹಾಭಾರತದ ಅಶ್ವತ್ಥಾಮ ನಿಂತಿದ್ದಾನೆ ಅಂದೆ. ಅತ್ತೆ ಚಮಚ ಗಾಳಿಯಲ್ಲೇ ಹಿಡಿದು ನನ್ನನ್ನು ನೋಡಿದರು. "ನೀವು ಮನುಷ್ಯನನ್ನೇ ಬದಲಾಯಿಸಿದ್ದೀರಿ. ನಾವು ಒಂದು ಮರದ ತುಂಡು ಬಿಟ್ಟರೆ ಏನಾಗುತ್ತೆ, ಕೋರಿ ಮು?" ಕೋರಿ ಮು ಅಂದರೆ ನನ್ನ ಮಗಳೇ.

ಆದರೂ 'ಅಲ್ ಕೋರ್' ಉಳಿಯಿತು. ಎದೆಗೆ ಅಂತ. ಅಲ್ಲಿ ಉಳಿದಿರುವುದು ಒಂದೇ ಒಂದು ಸ್ವರ. ಗ್ರೀಕಿನ ಎದೆ 'ಕರ್ದ್ಯಾ', ಎರಡು ಅಕ್ಷರ. ಇಟಾಲಿಯನ್ನರು 'ಕೋರೆ'ಯನ್ನು ಕತ್ತರಿಸಿ 'ಕೋರ್' ಮಾಡುತ್ತಾರೆ, 'ಅಮೋರೆ'ಯನ್ನು 'ಅಮೋರ್' ಮಾಡುತ್ತಾರೆ, ಕವಿಗಳಿಗೆ ಅದು ಹುಟ್ಟಿದ ಹಕ್ಕು. ಗ್ರೀಕಿನಲ್ಲಿ ಹಾಗೆ ಬಾಲ ಕತ್ತರಿಸಲು ಬರುವುದಿಲ್ಲ. ಕೊನೆಗೆ 'ಫೋಸ್' ಇಟ್ಟೆ, ಬೆಳಕು. ನೋವು, ಸಿಹಿ, ಬೆಳಕು. ಹಾಡಲು ಚೆನ್ನಾಗಿದೆ, ಎದೆ ಮಾತ್ರ ಇಲ್ಲ. ಆ ಸಾಲಿನ ಸಾಲ ಇನ್ನೂ ನನ್ನ ತಲೆ ಮೇಲಿದೆ.

ಸಣ್ಣಪುಟ್ಟ ಕಾಟಗಳು ಬೇರೆ. ಗ್ರೀಕಿನಲ್ಲಿ ಎಲ್ಲಿ ನೋಡಿದರೂ 'ಇ'. ಅದೊಂದು ಸದ್ದಿಗೆ ಆರು ಬಗೆಯ ಬರವಣಿಗೆ ಇದೆ. ಸೊಪ್ರಾನೊ ಪಾತ್ರ ಮಾಡಿದವಳು ನಮ್ಮ ಮೂಲೆ ಫಾರ್ಮಸಿ ನಡೆಸುವವಳು. ಎತ್ತರದಲ್ಲಿ 'ಇ' ಬಂದರೆ, "ಗಂಟಲು ಹಿಚುಕಿದ ಹಾಗಾಗುತ್ತೆ, ತೆಗೀರಿ" ಅನ್ನುವಳು. ಪದಗಳ ಕೊನೆಯ 'ಸ್' ಇನ್ನೊಂದು. ಹದಿನೈದು ಜನ ಒಟ್ಟಿಗೆ ಹಾಡಿದರೆ ಕುಕ್ಕರ್ ಸೀಟಿ. ಪ್ರಾಸಕ್ಕೆ ಅಂತ ಹೋದರೆ 'ಕರ್ದ್ಯಾ' ಜೊತೆ 'ಫೊತ್ಯಾ', ಎದೆ ಮತ್ತು ಬೆಂಕಿ, ತಾನಾಗಿ ಬಂದು ಕೂರುತ್ತದೆ. ಇಲ್ಲಿನ ರೇಡಿಯೋದಲ್ಲಿ ಆ ಜೋಡಿ ನಮ್ಮ ಪ್ರೀತಿ, ರೀತಿ ಇದ್ದ ಹಾಗೆ. ಅತ್ತೆ ಇಡೀ ಕೃತಿಗೆ ಒಂದೇ ಸಲ ಅನುಮತಿ ಕೊಟ್ಟರು.

ಪ್ರೀತಿಗೇ ಎರಡು ಪದ. 'ಏರೊತಸ್' ಅಂದರೆ ಮೈಮನಸ್ಸು ಸುಡುವ ಪ್ರೇಮ. 'ಅಗಾಪಿ' ಅಂದರೆ ಅಮ್ಮ, ಮಗ, ಗಂಡ, ದೇವರು, ಎಲ್ಲರ ಮೇಲಿನದ್ದೂ. ಇಟಾಲಿಯನ್ನಿನ 'ಅಮೋರ್' ಎರಡನ್ನೂ ಹೊತ್ತುಕೊಂಡು ಆರಾಮಾಗಿ ಓಡಾಡುತ್ತದೆ. ನಾನು ಮೊದಲ ಅಂಕಕ್ಕೆ ಏರೊತಸ್, ಕೊನೆಯ ಅಂಕಕ್ಕೆ ಅಗಾಪಿ ಅಂತ ಹಂಚಿದೆ. ಅಷ್ಟರೊಳಗೆ ಅವಳು ಅಷ್ಟು ದೂರ ನಡೆದಿದ್ದಾಳೆ ಅಂತ ನನ್ನ ಲೆಕ್ಕ. ದಾಸ್ಕಲೆ ಅದು ಅನುವಾದ ಅಲ್ಲ, ವ್ಯಾಖ್ಯಾನ ಅಂದರು. ಇರಲಿ ಬಿಡಿ ಅಂದೆ.

ಫೆಬ್ರವರಿಯಲ್ಲಿ ಶೀರ್ಷಿಕೆಯ ಪದಕ್ಕೆ ಬಂದೆವು. 'ತ್ರವ್ಯಾತ' ಅಂದರೆ ದಾರಿ ತಪ್ಪಿದವಳು, 'ವಿಯ' ಅಂದರೆ ದಾರಿ. ಒಪೆರಾದ ಹೆಸರು ಗ್ರೀಸಿನಲ್ಲೂ ತ್ರವ್ಯಾತವೇ, ಮುಟ್ಟುವ ಹಾಗಿಲ್ಲ. ಆದರೆ ಕೊನೆಯ ಅಂಕದಲ್ಲಿ ಅವಳೇ ಆ ಪದವನ್ನು ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಈ ದಾರಿ ತಪ್ಪಿದವಳನ್ನು ಕ್ಷಮಿಸು ದೇವರೇ ಅಂತ. 'ಅಹ್ ದೆಲ್ಲ ತ್ರವ್ಯಾತ', ಆರು ಅಕ್ಷರ, ಐದನೆಯದು ದೀರ್ಘ. ಗ್ರೀಕಿನಲ್ಲಿ ಇದಕ್ಕೆ ಸರಿಯಾದ ಪದವಿದೆ. 'ಪರಸ್ತ್ರತಿಮೇನಿ'. 'ಸ್ತ್ರಾತ' ಅಂದರೆ ದಾರಿ, ಅದರಿಂದ ಆಚೆ ಹೋದವಳು. ಎಣಿಸಿ ನೋಡಿ: ಪ, ರ, ಸ್ತ್ರ, ತಿ, ಮೇ, ನಿ. ಐದನೆಯದು ದೀರ್ಘ. ಒಂದೇ ಪದ ಇಡೀ ಸಾಲನ್ನು ತುಂಬಿಬಿಟ್ಟಿತು. ನಾನು ಕುಣಿದಾಡಿಬಿಟ್ಟೆ. ಮೂರು ಭಾಷೆಯಲ್ಲೂ ಅದೇ ದಾರಿ, ಅದೇ ತಪ್ಪುವುದು!

ಅತ್ತೆ ತಾಳ ಬಡಿಯಲೇ ಇಲ್ಲ.

ಸ್ವಲ್ಪ ಹೊತ್ತಾದ ಮೇಲೆ ಹೇಳಿದರು. ಅವರ ಚಿಕ್ಕಮ್ಮನ ಮಗಳೊಬ್ಬಳು ಮದುವೆಯಾಗದೆ ಒಬ್ಬನ ಜೊತೆ ದ್ವೀಪ ಬಿಟ್ಟು ಹೋಗಿದ್ದಳಂತೆ. ಆಮೇಲೆ ಮನೆಯಲ್ಲಿ ಅವಳ ಹೆಸರು ಯಾರೂ ಎತ್ತಲಿಲ್ಲ. ಎತ್ತಬೇಕಾಗಿ ಬಂದರೆ ಈ ಪದ ಹೇಳುತ್ತಿದ್ದರಂತೆ. "ಅವಳು ನನಗೆ ಈಜು ಕಲಿಸಿದವಳು. ನಾನೂ ಅವಳನ್ನು ಹಾಗೇ ಕರೆದಿದ್ದೀನಿ. ಇದು ಬೇಡ, ಬೇರೆ ಹುಡುಕು."

ಹುಡುಕಿದೆ. ಪಾಪಿ, ನೊಂದವಳು, ಕಳೆದುಹೋದವಳು, ಎಲ್ಲ ಇಟ್ಟು ನೋಡಿದೆ. ಲೆಕ್ಕಕ್ಕೆ ಕೂತವು ಮನಸ್ಸಿಗೆ ಕೂರಲಿಲ್ಲ. ಸುಮಾರು ಒಂದು ವಾರ ಅತ್ತೆ ಮನೆಯಲ್ಲಿ ಆ ವಿಷಯವೇ ಎತ್ತಲಿಲ್ಲ. ಒಂದು ಭಾನುವಾರ ಚರ್ಚಿನಿಂದ ಬಂದವರು ಕೋಟು ಬಿಚ್ಚುತ್ತಾ, "ಅವಳೇ ಹೇಳಿಕೊಳ್ಳುವುದಲ್ವಾ? ಬೇರೆಯವರು ಅನ್ನುವುದಲ್ಲ ತಾನೇ?" ಅಂದರು. ಹೌದು ಅಂದೆ. "ಹಾಗಾದರೆ ಇರಲಿ. ಜನ ಕೇಳಲಿ." ಆಮೇಲೆ ಚಮಚ ತೆಗೆದುಕೊಂಡರು.

ಕಾಗದದ ಭಾಗ ಮಾತ್ರ ಪೂರ್ತಿ ಅವರದೇ. ಕೊನೆಯ ಅಂಕದಲ್ಲಿ ಅಲ್ಫ್ರೇದೊನ ಅಪ್ಪ ಬರೆದ ಕಾಗದವನ್ನು ವಿಯೊಲೆತ್ತ ಓದುತ್ತಾಳೆ. ಹಾಡುವುದಿಲ್ಲ, ಸುಮ್ನೆ ಓದುತ್ತಾಳೆ. ಹಿಂದೆ ಆ ಪ್ರೀತಿಯ ಧಾಟಿ ಮೆಲ್ಲಗೆ ನಡೆಯುತ್ತಿರುತ್ತದೆ. ತಾಳದ ಹಂಗಿಲ್ಲ, ಅಕ್ಷರ ಎಣಿಸಬೇಕಿಲ್ಲ. ಗ್ರೀಸಿನಲ್ಲಿ 1976ರವರೆಗೆ ಸರ್ಕಾರದ ಭಾಷೆ ಬೇರೆ, ಮನೆಭಾಷೆ ಬೇರೆ ಇತ್ತು. ಓದಿದವರು ಕಾಗದ ಬರೆಯುತ್ತಿದ್ದದ್ದು ಆ ಇಸ್ತ್ರಿ ಹಾಕಿದ ಭಾಷೆಯಲ್ಲಿ. ಅತ್ತೆ ತಮ್ಮ ಅಪ್ಪನ ಕಾಗದಗಳನ್ನು ನೆನೆಸಿಕೊಂಡು ಅದೇ ಗತ್ತಿನಲ್ಲಿ ಬರೆದರು. ಕ್ಷಮೆ ಕೇಳುವಾಗಲೂ ಕೋಟಿನ ಗುಂಡಿ ಬಿಚ್ಚದ ಗಂಡಸು. ಓದಿ ಮುಗಿಸಿ ಅವಳು ಒಂದೇ ಮಾತು ಹೇಳುತ್ತಾಳೆ, ಹೊತ್ತು ಮೀರಿತು ಅಂತ. ಅಲ್ಲಿ ಮಾತ್ರ ಮನೆಭಾಷೆ. 'ಅರ್ಗಾ.' ಅಷ್ಟೇ.

ಕೊನೆಗೆ ಉಳಿದದ್ದು ಎಲ್ಲರೂ ಕಾಯುವ ಜಾಗ. ಎರಡನೇ ಅಂಕದಲ್ಲಿ ಬಿಟ್ಟು ಹೊರಡುವ ಮುಂಚೆ, ಯಾಕೆ ಅಂತ ಹೇಳಲಾರದೆ, ಅವಳು ಗಂಟಲು ಹರಿಯುವ ಹಾಗೆ ಹಾಡುತ್ತಾಳೆ: 'ಆಮಮಿ, ಅಲ್ಫ್ರೇದೊ, ಆಮಮಿ ಕ್ವಾಂತ್ಯೊ ತಾಮೊ'. ನನ್ನನ್ನು ಪ್ರೀತಿಸು, ನಾನು ಪ್ರೀತಿಸುವಷ್ಟೇ ಪ್ರೀತಿಸು. ಎರಡನೇ ತುಂಡು ಏಳು ಅಕ್ಷರ. ಗ್ರೀಕಿನಲ್ಲಿ ಪ್ರೀತಿಸು ನನ್ನನ್ನು ಅಂದರೆ 'ಅಗಾಪ ಮೆ'. ಒಂದು ಅಕ್ಷರ ಜಾಸ್ತಿ, ದೀರ್ಘ ಎರಡನೆಯದಕ್ಕೆ. ಹಾಡಿದರೆ ಎಡವಿ ಬಿದ್ದ ಹಾಗಾಗುತ್ತದೆ. ಅತ್ತೆ 'ಆಂದ್ರ ಮು' ಅಂದರು. ನಮ್ಮ ಆಂಧ್ರ ಅಲ್ಲ, ನನ್ನ ಗಂಡನೇ ಅಂತ. ಮೂರು ಅಕ್ಷರ, ಆ ಕಾರ, ಎಲ್ಲ ಸರಿ. ಆದರೆ ಅವನು ಅವಳ ಗಂಡ ಆಗಲಿಲ್ಲವಲ್ಲ, ಅದೇ ಅಲ್ವಾ ಕಥೆ? "ಅದಕ್ಕೇ ಹಾಗೆ ಕರೀಬೇಕು" ಅಂದರು. ನನಗೆ ಧೈರ್ಯ ಸಾಲಲಿಲ್ಲ. ಈಗ ಅನಿಸುತ್ತದೆ, ಅವರೇ ಸರಿ ಇದ್ದರೇನೋ.

ಮಾರ್ಚ್ ಪೂರ್ತಿ ಇದೇ ಆಯಿತು. ಒಂದು ಸಂಜೆ ಮಗಳನ್ನು ಸೈಕಲ್ ಕಲಿಸಲು ಕರೆದುಕೊಂಡು ಹೋಗಿದ್ದೆ. ಅವಳು ಗ್ರೀಕಿನಲ್ಲೇ ಕಿರುಚಿದಳು, "ಕ್ರಾತ ಮೆ! ಕ್ರಾತ ಮೆ!" ಹಿಡ್ಕೋ, ಬಿಡಬೇಡ ಅಂತ. ನಾನು ಸೈಕಲ್ ಬಿಟ್ಟೇ ಬಿಟ್ಟೆ. ಮೊಣಕಾಲಿಗೆ ಪಟ್ಟಿ ಕಟ್ಟುತ್ತಾ ಏಳು ಅಕ್ಷರ ಮುಗಿಸಿದೆ: 'ಕ್ರಾತ ಮೆ ಮೆಸ್ ಸ್ತ ಹೇರ್ಯ'. ಹಿಡಿದುಕೋ ನನ್ನ, ಕೈಯೊಳಗೆ. ಎತ್ತರದ ಸ್ವರಕ್ಕೆ 'ಕ್ರಾ', ಬಾಯಿ ತುಂಬ ಆ. 'ನಾನು ಪ್ರೀತಿಸುವಷ್ಟೇ' ಅನ್ನುವ ಮಾತು ಹೋಯಿತು, ಬೇಜಾರಿದೆ. ಆದರೆ ಮನೆಗೆ ಬಂದು ಹಾಡಿದಾಗ ಚಮಚ ಮೊದಲ ಸಲಕ್ಕೇ ಕೆಳಗೆ ಹೋಯಿತು.

ಜೂನ್ ತಿಂಗಳ ಒಂದು ಶನಿವಾರ, ಹಳೆಯ ಶಾಲೆಯ ಅಂಗಳ. ಪ್ಲಾಸ್ಟಿಕ್ ಕುರ್ಚಿ, ಎಲೆಕ್ಟ್ರಿಕ್ ಪಿಯಾನೋ, ಮರದ ತುಂಬ ಜೀರುಂಡೆ. ಜೀರುಂಡೆಗಳು ಯಾವ ತಾಳಕ್ಕೂ ಸಿಗಲಿಲ್ಲ. 'ಅಸ್ ಪ್ಯೂಮೆ' ಬಂದಾಗ ಜನ ಜೊತೆಗೆ ಹಾಡಿದರು, ಅರ್ಧ ಜನ ಇಟಾಲಿಯನ್ನಿನಲ್ಲಿ. ಎರಡನೇ ಅಂಕದ ಆ ಜಾಗ ಬಂತು. ನಾನು ಕುರ್ಚಿಯ ಅಂಚು ಹಿಡಿದುಕೊಂಡೆ. ಫಾರ್ಮಸಿಯವಳು ಉಸಿರು ಎಳೆದುಕೊಂಡಳು, ಕಣ್ಣು ಮುಚ್ಚಿದಳು, ಹಾಡಿದಳು.

ಆಮಮಿ, ಅಲ್ಫ್ರೇದೊ.

ಇಟಾಲಿಯನ್! ಎರಡೂ ತುಂಡು. ಒಂದು ಚಳಿಗಾಲದ ಕೆಲಸ ಜೀರುಂಡೆ ಪಾಲಾಯಿತು. ಯಾರಿಗೂ ಏನೂ ಅನಿಸಲಿಲ್ಲ, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಏನು ಮಾಡುವುದು. ಅತ್ತೆ ಮಾತ್ರ ಕೈ ಕಟ್ಟಿ ಕೂತಿದ್ದರು. ಕೊನೆಯ ಅಂಕದಲ್ಲಿ ಪರಸ್ತ್ರತಿಮೇನಿ ಬಂದಾಗ ನಾನು ಅವರ ಕಡೆ ನೋಡಲಿಲ್ಲ. ಅಂಗಳದಲ್ಲಿ ಯಾರೂ ಕೆಮ್ಮಲಿಲ್ಲ ಅನ್ನುವುದು ನೆನಪಿದೆ.

ಮಾರನೇ ದಿನ ಬೆಳಗ್ಗೆ ಫಾರ್ಮಸಿಯವಳು ಬೇಕರಿಯ ಪೊಟ್ಟಣ ಹಿಡಿದು ಬಾಗಿಲಿಗೆ ಬಂದಳು. ಇಪ್ಪತ್ತು ವರ್ಷ ಹಾಗೇ ಹಾಡಿದ್ದು, ಬಾಯಿ ತಾನಾಗಿ ಹೋಯಿತು, ತಪ್ಪಾಯಿತು ಅಂದಳು. ಪರವಾಗಿಲ್ಲ ಅಂತ ನಾನು ಹೇಳುವಷ್ಟರಲ್ಲಿ ಅತ್ತೆ ಅವಳಿಗೆ ಕುರ್ಚಿ ಎಳೆದುಕೊಟ್ಟು ಎದುರಿಗೆ ಕೂತರು. ಚಮಚ ತೆಗೆದುಕೊಂಡರು.

"ಈಗ ಹಾಡು."

ಅರ್ಧ ಗಂಟಲಲ್ಲಿ ಹಾಡಿದಳು. ಒತ್ತು ಸರಿ ಇತ್ತು, ಉಸಿರು ತಪ್ಪಿತು. ಚಮಚ ನಿಲ್ಲಲಿಲ್ಲ. ಇನ್ನೊಮ್ಮೆ ಹಾಡಿದಳು. ಒಲೆಯ ಮೇಲೆ ಕಾಫಿ ಉಕ್ಕಿತು, ಯಾರೂ ಏಳಲಿಲ್ಲ. ಮೂರನೇ ಸಲಕ್ಕೆ ಅತ್ತೆ ಚಮಚ ಕೆಳಗಿಟ್ಟರು.